ಟ್ರೈಲರಿನ ಹಿಂದೆ

ಸೀನಪ್ಪನ ಬಲಗೈಯ ಮೂರು ಬೆರಳು ಹೋದ ದಿನ ಮನೆಯಲ್ಲಿ ಮೊದಲು ವಿಚಾರಿಸಿದ್ದು ಕಲ್ಲಿನ ಲೋಡಿನ ವಿಷಯ.

"ಕಲ್ಲು ರಾಬರ್ಟ್‌ಸನ್‌ಪೇಟೆಗೆ ಓಗಿ ಸೇರಿದ್ವಾ?" ಎಂದು ವೆಂಕಟೇಶಪ್ಪ ಕೇಳಿದ. ಅವನು ಆಗತಾನೇ ಬಂಗಾರಪೇಟೆ ಸ್ಟೇಷನ್ ಕಡೆಯಿಂದ ಸೈಕಲ್ಲಿನಲ್ಲಿ ಬಂದು, ಕಾಲು ತೊಳೆದು, ಜಗಲಿಯ ಮೇಲೆ ಕೂತಿದ್ದ.

ಅವನ ತಮ್ಮ ಚಿಕ್ಕಮುನಿಯಪ್ಪ ಲಾರಿಯಿಂದ ಇಳಿದವನು ಬಾಗಿಲಲ್ಲೇ ನಿಂತಿದ್ದ. ಅಂಗಿಯ ಎದೆಯ ಮೇಲೆ ರಕ್ತ ಒಣಗಿ ಕಪ್ಪಾಗಿತ್ತು.

"ಮಾವನ ಕೈ ಓಯ್ತು ಅಂತಿದ್ದೀನಿ. ಆಸ್ಪತ್ರೇಲಿ ಮಲಗಿಸಿ ಬಂದಿದ್ದೀನಿ. ನೀನು ಕಲ್ಲು ಕೇಳ್ತೀಯಾ ಅಣ್ಣ?"

"ಕೇಳಬಾರದಾ? ನಾಳೆ ಕಂಟ್ರಾಕ್ಟರು ನನ್ನನ್ನ ಕೇಳಲ್ವಾ? ಮಾವನಿಗೆ ಎಚ್ಚರ ಇರಬೇಕಾಗಿತ್ತು. ಚಕ್ರದ ಕೆಳಗೆ ಕೈ ಇಟ್ರೆ ಚಕ್ರ ಬಿಡ್ತದಾ?"

ಒಳಗೆ ಮುದ್ದೆ ತಿರುವುತ್ತಿದ್ದ ಅಕ್ಕಯ್ಯಮ್ಮ ಕೋಲನ್ನು ಪಾತ್ರೆಯಲ್ಲೇ ಬಿಟ್ಟು ಹೊರಗೆ ಬಂದಳು. ಕೈಗೆ ಮೆತ್ತಿದ್ದ ಹಿಟ್ಟನ್ನು ಸೆರಗಿಗೆ ಒರೆಸಿಕೊಳ್ಳುತ್ತ ಹಿರಿಯ ಮಗನನ್ನೇ ನೋಡಿದಳು.

"ಯಾವ ಚಕ್ರ ಅದು? ಯಾರು ತಂದು ಕಟ್ಟಿದ ಟ್ರೈಲರಿನ ಚಕ್ರ?"

ಅಕ್ಕಯ್ಯಮ್ಮ ಒಳಗೆ ಹೋಗಿ ಒಲೆ ಆರಿಸಿ, ಚಪ್ಪಲಿ ಮೆಟ್ಟಿಕೊಂಡು, ಕಿರಿಯ ಮಗನ ಜೊತೆ ಆಸ್ಪತ್ರೆಗೆ ಹೊರಟಳು. ಅರ್ಧ ಬೆಂದ ಹಿಟ್ಟು ಪಾತ್ರೆಯಲ್ಲೇ ಉಳಿಯಿತು.

ಅಕ್ಕಯ್ಯಮ್ಮನ ಗಂಡ ಕೋರಮಂಡಲ್ ಚಿನ್ನದ ಗಣಿಯೊಳಗೆ ವರ್ಷಗಟ್ಟಲೆ ದುಡಿದು, ಎದೆಗೆ ದೂಳು ಕೂತು ಕೆಮ್ಮಿ ಕೆಮ್ಮಿ ಸತ್ತವನು. ಅವನು ಹೋದ ಮೇಲೆ ಕೈಗೆ ಬಂದ ಪರಿಹಾರದಲ್ಲಿ ಮನೆಯವರು ಯುದ್ಧಕಾಲದ ಹಳೇ ಮಿಲಿಟರಿ ಲಾರಿಯೊಂದನ್ನು ಹರಾಜಿನಲ್ಲಿ ಹಿಡಿದಿದ್ದರು. ವ್ಯವಹಾರವೆಲ್ಲ ವೆಂಕಟೇಶಪ್ಪನದು. ಓಡಿಸುವುದು ಚಿಕ್ಕಮುನಿಯಪ್ಪ. ಸೀನಪ್ಪ ಅಕ್ಕಯ್ಯಮ್ಮನ ಒಡಹುಟ್ಟಿದ ತಮ್ಮ. ಅವನೂ ಗಣಿಯಲ್ಲಿ ದುಡಿದು ಬಿಟ್ಟವನೇ. ಹೆಂಡತಿ ತೀರಿಕೊಂಡ ಮೇಲೆ ಅಕ್ಕನ ಮನೆ ಸೇರಿ, ಲಾರಿಯ ಕ್ಲೀನರ್ ಆಗಿದ್ದ. ಬೆಳಗ್ಗೆ ಮನೆಗೆ ನೀರು ಸೇದಿ ಹಾಕಿ ಲಾರಿ ಹತ್ತುತ್ತಿದ್ದ, ಸಂಜೆ ಇಳಿದು ಸೌದೆ ಒಡೆಯುತ್ತಿದ್ದ. ಸಂಬಳ ಅಂತ ಯಾರೂ ಕೊಟ್ಟಿರಲಿಲ್ಲ, ಅವನೂ ಕೇಳಿರಲಿಲ್ಲ.

ಅರವತ್ತನಾಲ್ಕನೇ ಇಸವಿಯಲ್ಲಿ ರಾಬರ್ಟ್‌ಸನ್‌ಪೇಟೆಯ ಆಚೆ ಹೊಸ ಕ್ವಾರ್ಟರ್ಸು ಕಟ್ಟುವುದಕ್ಕೆ ಕಲ್ಲು ಸಾಗಿಸುವ ಕೆಲಸ ವೆಂಕಟೇಶಪ್ಪನಿಗೆ ಸಿಕ್ಕಿತು. ಒಂದು ಸಲಕ್ಕೆ ಎರಡು ಸಲದ ಕಲ್ಲು ಹೋಗಲಿ ಎಂದು ಅವನೊಂದು ಟ್ರೈಲರ್ ತಂದು ಲಾರಿಯ ಹಿಂದೆ ಕಟ್ಟಿಸಿದ. ಕ್ವಾರಿಯಿಂದ ಬರುವ ದಾರಿಯಲ್ಲಿ ಹುಣಿಸೆಮರದ ದಿಣ್ಣೆ ಎಂಬ ಏರು ಇತ್ತು. ಬರೀ ಲಾರಿ ಆ ಏರನ್ನು ಹೇಗೋ ಹತ್ತುತ್ತಿತ್ತು. ಟ್ರೈಲರ್ ಕಟ್ಟಿದ ಮೇಲೆ ಅರ್ಧ ದಾರಿಯಲ್ಲೇ ಉಸಿರು ಕಟ್ಟಿ ನಿಂತುಬಿಡುತ್ತಿತ್ತು. ಆಗ ಸೀನಪ್ಪ ಹಿಂದಿನಿಂದ ಓಡಿಬಂದು ಟ್ರೈಲರಿನ ಚಕ್ರಕ್ಕೆ ದಪ್ಪ ಮರದ ತುಂಡೊಂದನ್ನು ಒಡ್ಡಬೇಕು. ಚಿಕ್ಕಮುನಿಯಪ್ಪ ಇಂಜಿನ್ ರೇಗಿಸಿ ನಾಲ್ಕು ಮಾರು ಮುಂದೆ ಜಗ್ಗುತ್ತಿದ್ದ. ಸೀನಪ್ಪ ಮತ್ತೆ ಆ ತುಂಡನ್ನು ಎತ್ತಿ ಚಕ್ರದ ಹಿಂದೆ ಇಡುತ್ತಿದ್ದ. ಹಾಗೆ ಜಗ್ಗುತ್ತ, ಒಡ್ಡುತ್ತ ದಿಣ್ಣೆಯ ನೆತ್ತಿ ಸೇರಬೇಕಾಗಿತ್ತು. ಬೆರಳು ಹೋದ ದಿನ ಕ್ಲಚ್ಚು ಜಾರಿ ಲಾರಿ ಹಿಂದಕ್ಕೆ ಬಂತು. ಸೀನಪ್ಪನ ಕೈ ಇನ್ನೂ ಮರದ ತುಂಡಿನ ಮೇಲೇ ಇತ್ತು.

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಸೀನಪ್ಪ ಗೋಡೆಯ ಕಡೆ ತಿರುಗಿ ಊಟಕ್ಕೆ ಕೂತ. ಎಡಗೈಯಲ್ಲಿ ಉಣ್ಣುವುದನ್ನು ಯಾರೂ ನೋಡಬಾರದು ಅಂತ. ಮುದ್ದೆ ಮುರಿಯಲು ಹೋದರೆ ತಟ್ಟೆಯೇ ಜಾರುತ್ತಿತ್ತು. ಚಿಕ್ಕಮುನಿಯಪ್ಪನ ಹೆಂಡತಿ ಮುತ್ಯಾಲಮ್ಮ ಬಂದು, ಮುದ್ದೆಯನ್ನು ಸಣ್ಣ ಸಣ್ಣ ತುತ್ತಾಗಿ ಮುರಿದು ಬಸ್ಸಾರಿನಲ್ಲಿ ಹಾಕಿ ಹೋದಳು.

ಹಿರಿಸೊಸೆ ನರಸಮ್ಮನಿಗೆ ಅವತ್ತು ಬಾವಿಯಿಂದ ಎಂಟು ಕೊಡ ನೀರು ಹೊತ್ತು ಸೊಂಟ ಬಿದ್ದುಹೋಗಿತ್ತು.

"ಇನ್ಮೇಲೆ ನೀರಿಗೇನು ಗತಿ ಅತ್ತೆ? ಸೌದೆ ಯಾರು ಒಡೀತಾರೆ? ಮನೇಲಿ ಕೂತು ಉಣ್ಣೋರು ಒಬ್ಬರು ಎಚ್ಚಾದ್ರು."

ಅಕ್ಕಯ್ಯಮ್ಮ ಸಾರಿನ ಸೌಟನ್ನು ಪಾತ್ರೆಯ ಮೇಲೆ ಅಡ್ಡ ಇಟ್ಟಳು.

"ನರಸಮ್ಮ, ಅವನು ಈ ಮನೆಗೆ ಬಂದ ಮೇಲೆ ನೀನು ಬಾವಿಯ ಅಗ್ಗ ಮುಟ್ಟಿದ್ದು ಈಗಲೇ ಅಲ್ವಾ?"

ಸೀನಪ್ಪ ಅರ್ಧ ಊಟಕ್ಕೇ ತಟ್ಟೆ ಎತ್ತಿಕೊಂಡು ಎದ್ದುಹೋದ.

ಕ್ಲಚ್ಚು ರಿಪೇರಿಗೆಂದು ಚಿಕ್ಕಮುನಿಯಪ್ಪ ಲಾರಿಯನ್ನು ರಾಬರ್ಟ್‌ಸನ್‌ಪೇಟೆಯ ಪೆರುಮಾಳ್ ಶೆಡ್ಡಿಗೆ ಒಯ್ದ. ಪೆರುಮಾಳ್ ಆ ಲಾರಿಯನ್ನು ಹಲವು ಸಲ ಬಿಚ್ಚಿ ಕಟ್ಟಿದ್ದ ಮೆಕ್ಯಾನಿಕ್. ಸುಟ್ಟು ಕರಕಲಾದ ಕ್ಲಚ್ ಪ್ಲೇಟನ್ನು ಕೈಯಲ್ಲಿ ಹಿಡಿದುಕೊಂಡು ಅವನು ಚಿಕ್ಕಮುನಿಯಪ್ಪನ ಮೇಲೆ ಹರಿಹಾಯ್ದ.

"ಎನ್ನ ತಂಬಿ ಇದು? ಇನ್ನೂ ಎಷ್ಟು ಪ್ಲೇಟು ಸುಡ್ತೀಯ? ತಪ್ಪು ಕ್ಲಚ್ಚಿಂದು ಇಲ್ಲ. ಇಲ್ಲಿ ಬಾ, ನೋಡು." ಲಾರಿಯ ಕೆಳಗೆ ಬಗ್ಗಿ, ಹಿಂದಿನ ಆಕ್ಸಲಿನ ನಡುವೆ ಉಬ್ಬಿದ್ದ ಗುಂಡನೆಯ ಕವಚವನ್ನು ತಟ್ಟಿದ. "ಇದರ ಒಳಗೆ ಕ್ರೌನು, ಪಿನಿಯನ್ನು ಅಂತ ಎರಡು ಹಲ್ಲಿನ ಚಕ್ರ ಇದೆ. ಈಗ ಇಂಜಿನ್ ಕಡೆಯಿಂದ ಬರೋ ಶಾಫ್ಟು ಆರು ಸುತ್ತು ಸುತ್ತಿದ್ರೆ ಚಕ್ರ ಒಂದು ಸುತ್ತು. ಬರೀ ಲಾರಿಗೆ ಸರಿ. ಹಿಂದೆ ಇನ್ನೊಂದು ಲಾರಿ ಅಷ್ಟು ಭಾರ ಕಟ್ಟಿದ್ರೆ ಎಲ್ಲಿಂದ ಎಳೀತದೆ? ಏಳು ಸುತ್ತಿಗೆ ಒಂದು ಆಗೋ ಜೋಡಿ ಹಾಕ್ಬೇಕು. ಮೆಲ್ಲ ಓಡ್ತದೆ. ಆದ್ರೆ ಎಳೀತದೆ. ನಡುವೆ ನಿಲ್ಲಲ್ಲ."

"ಅಂಥ ಜೋಡಿ ಸಿಗ್ತದಾ?"

"ನಮ್ಮ ಶೆಡ್ಡಿನ ಹಿಂದೆ ಮುರಿದುಬಿದ್ದಿದೆಯಲ್ಲ, ಅದೂ ಇದೇ ಜಾತಿ ಲಾರಿ. ಅದರಲ್ಲಿ ಇದೆ. ನಿಂದು ಬಿಚ್ಚಿ ನನಗೆ ಕೊಡು, ಅದು ನೀನು ತಗೋ. ನಿಮ್ಮ ಅಣ್ಣನಿಗೆ ಹೋದ ವರ್ಷವೇ ಹೇಳ್ದೆ. ಟ್ರೈಲರ್ ಕಟ್ಟೋ ದಿನವೇ ಹೇಳ್ದೆ."

ಚಿಕ್ಕಮುನಿಯಪ್ಪ ಲಾರಿಯ ಕೆಳಗಿನಿಂದ ಎದ್ದು ನಿಂತ.

"ಅಣ್ಣನಿಗೆ ಯೋಳಿದ್ಯಾ?"

"ಆಮಾಂ, ಹೇಳ್ದೆ. ಅವರು ನಕ್ಕರು."

ಆ ಸಂಜೆ ಚಿಕ್ಕಮುನಿಯಪ್ಪ ಕೈಕಾಲು ಕೂಡ ತೊಳೆಯದೆ ನಡುಮನೆಗೆ ಬಂದ. ವೆಂಕಟೇಶಪ್ಪ ಊಟ ಮಾಡುತ್ತಿದ್ದ.

"ಪೆರುಮಾಳ್ ಓದ ವರ್ಷವೇ ಯೋಳಿದ್ನಂತೆ. ಗೇರು ಬದಲಾಯಿಸಿದ್ರೆ ದಿಣ್ಣೇಲಿ ನಿಲ್ಲಲ್ಲ ಅಂತ. ನೀನು ನಮಗೆ ಯಾಕೆ ಯೋಳ್ಲಿಲ್ಲ?"

"ಯೋಳೋದೇನೈತೆ ಅದರಲ್ಲಿ? ಅದು ಆಕ್ಸಿದ್ರೆ ಓಟ ಕಮ್ಮಿಯಾಗ್ತದೆ. ಶನಿವಾರ ಶನಿವಾರ ಬೆಂಗಳೂರಿಗೆ ಆಲೂಗೆಡ್ಡೆ ಓಗಬೇಕು. ಮಾರ್ಕೆಟ್ಟಿಗೆ ತಡವಾಗಿ ಓದ್ರೆ ಮೂಟೆ ಯಾರು ಮೂಸಿ ನೋಡ್ತಾರೆ? ಲಾರಿ ಅಂದ್ರೆ ಓಡಬೇಕು ಕಣ್ಲಾ. ಎತ್ತಿನಗಾಡಿ ಆಗಬಾರದು."

"ಎಷ್ಟು ತಡ? ಬೆಂಗಳೂರಿಗೆ ಅರ್ಧ ಗಂಟೆ. ಅರ್ಧ ಗಂಟೆ ಮುಂಚೆ ಎದ್ದು ಒರಟ್ರೆ ಆಯ್ತು. ಓಡಿಸೋನು ನಾನು, ಏಳೋನು ನಾನು. ನಿನಗೇನು ಕಷ್ಟ?"

"ಆಮೇಲೆ ಗಾಡಿ ಬಿಚ್ಚಿ ಶೆಡ್ಡಲ್ಲಿ ನಿಲ್ಸಿದ್ರೆ ಕಂಟ್ರಾಕ್ಟರು ಕಾಯ್ತಾನಾ?"

"ಅರ್ಧ ಗಂಟೆಗೆ ನಮ್ಮ ಮಾವನ ಮೂರು ಬೆರಳು," ಎಂದಳು ಮುತ್ಯಾಲಮ್ಮ ಅಡಿಗೆಮನೆಯ ಬಾಗಿಲಿನಿಂದ.

ವೆಂಕಟೇಶಪ್ಪ ತಲೆ ಎತ್ತಿದ. "ಗಂಡಸರು ಮಾತಾಡೋವಾಗ ನಿನಗೇನಮ್ಮ ಇಲ್ಲಿ ಕೆಲಸ?"

"ಬಡಿಸೋ ಕೆಲಸ ಭಾವ," ಎಂದು ಅವಳು ಅವನ ಮುಂದೆ ಸಾರಿನ ಪಾತ್ರೆ ಇಟ್ಟು ಒಳಗೆ ಹೋದಳು.

ವೆಂಕಟೇಶಪ್ಪ ಗೇರು ಬದಲಾಯಿಸಲು ಒಪ್ಪಲಿಲ್ಲ. ಅದರ ಬದಲು ಕ್ಲಚ್ ಪ್ಲೇಟು ಮಾತ್ರ ಹೊಸದು ಹಾಕಿಸಿ, ಸ್ಟೇಷನ್ನಿನ ಹತ್ತಿರದಿಂದ ಒಬ್ಬ ಕೂಲಿಯವನನ್ನು ಗೊತ್ತು ಮಾಡಿ ಕಳಿಸಿದ. ಅವನು ಗಟ್ಟಿಮುಟ್ಟಾದ ಆಳು. ಒಂದೇ ಒಂದು ಸಲ ದಿಣ್ಣೆ ಹತ್ತುವವರೆಗೆ ಮರದ ತುಂಡು ಒಡ್ಡಿದ. ನೆತ್ತಿಗೆ ಬಂದ ಮೇಲೆ ಆ ತುಂಡನ್ನು ಲಾರಿಯೊಳಕ್ಕೆ ಎಸೆದು, ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ನಿಮ್ಮ ಮನೇಲಿ ಸಾಯೋರು ಯಾರಾದ್ರೂ ಇದ್ರೆ ಕರ್ಕೊಂಡು ಬನ್ನಿ. ನಾನು ಬರಲ್ಲ," ಎಂದು ಅಲ್ಲಿಂದಲೇ ನಡೆದುಕೊಂಡು ವಾಪಸ್ಸು ಹೋದ.

ಆ ಮಾತು ಮನೆಗೆ ಬಂತು. ಅಕ್ಕಯ್ಯಮ್ಮ ಅವರೆಕಾಯಿ ಬಿಡಿಸುತ್ತ ಕೂತಿದ್ದವಳು ಕೇಳಿಸಿಕೊಂಡಳು.

ಮರುದಿನ ಬೆಳಗ್ಗೆ ಲಾರಿಗೆ ಕ್ಲೀನರ್ ಇರಲಿಲ್ಲ. ವೆಂಕಟೇಶಪ್ಪ ಸಿಡಿಮಿಡಿಗುಟ್ಟುತ್ತ ತಾನೇ ಲಾರಿ ಹತ್ತಿ ತಮ್ಮನ ಪಕ್ಕ ಕೂತ. ಕ್ವಾರಿಯ ಆಳುಗಳಲ್ಲಿ ಯಾರನ್ನಾದರೂ ಹಿಡಿಯಬಹುದು ಎಂಬುದು ಅವನ ಲೆಕ್ಕ. ಹೊರಡುವ ಹೊತ್ತಿಗೆ ಅಕ್ಕಯ್ಯಮ್ಮ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡು ಬಂದಳು.

"ನಾನೂ ಬತ್ತೀನಿ. ಆ ಕಡೆ ಸರ್ಕೊಳ್ರಿ."

"ಎಲ್ಲಿಗಮ್ಮ?"

"ರಾಬರ್ಟ್‌ಸನ್‌ಪೇಟೆ ಸಂತೆಗೆ."

ಕ್ವಾರಿಯಲ್ಲಿ ಕಲ್ಲು ತುಂಬಿದರು. ಯಾರೂ ಜೊತೆಗೆ ಬರಲು ಒಪ್ಪಲಿಲ್ಲ. ಸೀನಪ್ಪನ ಕೈ ಏನಾಯಿತೆಂದು ಅವರಿಗೆಲ್ಲ ಗೊತ್ತಿತ್ತು. ದಿಣ್ಣೆಯ ಬುಡಕ್ಕೆ ಬಂದಾಗ ಚಿಕ್ಕಮುನಿಯಪ್ಪ ಲಾರಿ ನಿಲ್ಲಿಸಿದ.

"ಅಣ್ಣ, ಇಂದೆ ಯಾರು?"

"ಯಾರೂ ಬ್ಯಾಡ. ಒಂದೇ ದಮ್ಮಿಗೆ ಏರ್ಸು."

ಅಷ್ಟರಲ್ಲಿ ಅಕ್ಕಯ್ಯಮ್ಮ ಇಳಿದಾಗಿತ್ತು. ಸೀಟಿನ ಹಿಂದೆ ಇದ್ದ ಮರದ ತುಂಡನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದುಕೊಂಡು ಟ್ರೈಲರಿನ ಹಿಂದಕ್ಕೆ ನಡೆದಳು. ಚಿಕ್ಕಮುನಿಯಪ್ಪ ಕನ್ನಡಿಯಲ್ಲಿ ನೋಡಿ, ಇಂಜಿನ್ ಆರಿಸಿ ಓಡಿಬಂದ.

"ಏನಮ್ಮ ಇದು? ಕೊಡು ಇಲ್ಲಿ. ನೀನು ಇಂದೆ ನಿಂತ್ರೆ ನಾನು ಗಾಡಿ ಓಡ್ಸಲ್ಲ."

"ಯಾಕ್ಲಾ? ನಿಮ್ಮ ಮಾವ ನಿಂತಾಗ ಓಡಿಸ್ತಿದ್ಯಲ್ಲ? ವರ್ಷವೆಲ್ಲ ಓಡಿಸಿದ್ಯಲ್ಲ? ನನ್ನ ಬೆರಳೇನು ಬಂಗಾರದ್ದಾ? ಅವನೂ ನಾನೂ ಒಂದೇ ಒಟ್ಟೇಲಿ ಉಟ್ಟಿದ್ದು."

ಚಿಕ್ಕಮುನಿಯಪ್ಪ ತಲೆ ತಗ್ಗಿಸಿದ. ಅಣ್ಣನ ಮೇಲೆ ಇಷ್ಟು ದಿನ ಕೂಗಾಡಿದ್ದವನಿಗೆ ತನ್ನ ಪಾಲಿನದು ಈಗ ಎದುರಿಗೆ ಬಂದು ನಿಂತಿತ್ತು.

ಹಿಂದೆ ಬಂದ ಎರಡು ಗಾಡಿಗಳು ದಾರಿ ಸಿಕ್ಕದೆ ನಿಂತವು. ಗಾಡಿಯವರು ಇಳಿದು ನೋಡತೊಡಗಿದರು. ವೆಂಕಟೇಶಪ್ಪನಿಗೆ ಮುಖ ಎಲ್ಲಿಡಲಿ ಅನ್ನಿಸಿತು. ಬಂದವನೇ ತಾಯಿಯ ಕೈಯಿಂದ ಮರದ ತುಂಡು ಕಿತ್ತುಕೊಂಡ.

"ಓಗು, ಓಗಿ ಮರದ ನೆಳ್ಳಲ್ಲಿ ಕೂತ್ಕೋ. ಊರೋರ ಮುಂದೆ ಮಾನ ಕಳೀಬ್ಯಾಡ. ಇದೇನು ಮಹಾ ಕೆಲಸ?"

ಲಾರಿ ಹತ್ತತೊಡಗಿತು. ಅರ್ಧಕ್ಕೆ ಬಂದು ಎಂದಿನಂತೆ ನಡುಗಿ ನಿಂತಿತು. ವೆಂಕಟೇಶಪ್ಪ ಒಡ್ಡಿದ. ಲಾರಿ ಜಗ್ಗಿತು. ಎರಡನೇ ಸಲ ಒಡ್ಡಿದ. ಮೂರನೇ ಸಲ ಅವನು ತುಂಡು ಎತ್ತಿಕೊಳ್ಳುವಷ್ಟರಲ್ಲಿ ಚಕ್ರ ಹಿಂದಕ್ಕೆ ಉರುಳಿತು. ಹೇಗೆ ಎಸೆದನೋ ಅವನಿಗೇ ತಿಳಿಯದು. ಮರದ ತುಂಡು ಓರೆಯಾಗಿ ಬಿದ್ದು ಚಿಮ್ಮಿಹೋಯಿತು. ಅವನು ಚರಂಡಿಗೆ ಹಾರಿಕೊಂಡ. ಟ್ರೈಲರ್ ಅಡ್ಡ ತಿರುಗಿ, ಅವನು ನಿಂತಿದ್ದ ಜಾಗದ ಮೇಲೇ ಹಾದು, ಪಕ್ಕದ ಮಣ್ಣಿನ ದಿಬ್ಬಕ್ಕೆ ಒರಗಿ ನಿಂತಿತು. ಮೇಲಿನ ಸಾಲಿನ ಕಲ್ಲುಗಳು ಒಂದರ ಹಿಂದೊಂದು ರಸ್ತೆಗೆ ಉರುಳಿದವು.

ವೆಂಕಟೇಶಪ್ಪ ಎದ್ದಾಗ ಪಂಚೆ ಹರಿದಿತ್ತು, ಮುಖಕ್ಕೆಲ್ಲ ಕೆಸರು ಮೆತ್ತಿತ್ತು. ಎದ್ದವನೇ ಲಾರಿಯ ಕಡೆ ತಿರುಗಿ ಕಿರುಚಿದ:

"ಬ್ರೇಕು ಇಡಿಯಕ್ಕೆ ಬರಲ್ವೇನ್ಲಾ ನಿನಗೆ! ನಾನು ಸಾಯ್ತಿದ್ದೆ!"

ಅಕ್ಕಯ್ಯಮ್ಮ ಓಡಿಬಂದು ಮೊದಲು ಅವನ ಎರಡೂ ಕೈ ಹಿಡಿದು ತಿರುಗಿಸಿ ನೋಡಿದಳು. ಬೆರಳೆಲ್ಲ ಇದ್ದವು. ಆಮೇಲೆ ಕೈ ಬಿಟ್ಟಳು.

"ಈಗ ಯೋಳು. ನಿನಗೂ ಎಚ್ಚರ ಇರಲಿಲ್ವಾ?"

ಅವತ್ತು ಸಂಜೆ ವೆಂಕಟೇಶಪ್ಪ ಯಾರ ಮುಖವನ್ನೂ ನೋಡದೆ, "ಆ ಪೆರುಮಾಳ್ ಶೆಡ್ಡಿಗೆ ಬಿಡು ಗಾಡೀನ. ಏನಾದ್ರೂ ಮಾಡ್ಕೊಂಡು ಸಾಯಿರಿ," ಎಂದ. ಮಾವನ ಹತ್ತಿರ ಹೋಗಿ ಒಂದು ಮಾತಾಡಲಿಲ್ಲ.

ಲಾರಿ ಶೆಡ್ಡಿನಲ್ಲಿದ್ದಷ್ಟು ದಿನವೂ ಮನೆಯಲ್ಲಿ ದಿನಾ ಒಂದು ಜಗಳ. ಶನಿವಾರದ ಆಲೂಗೆಡ್ಡೆ ಬೇರೆಯವರ ಲಾರಿಗೆ ಹೋಯಿತೆಂದು ವೆಂಕಟೇಶಪ್ಪ ತಟ್ಟೆ ತಳ್ಳಿದ. ತಳ್ಳಿದ ತಟ್ಟೆಯನ್ನು ಅಕ್ಕಯ್ಯಮ್ಮ ಎತ್ತಿಕೊಂಡು ಹೋಗಿ ಹಸುವಿಗೆ ಹಾಕಿದಳು, ಮತ್ತೆ ಬಡಿಸಲಿಲ್ಲ. ಕಡಲೆಕಾಯಿ ಸುಲಿಯುವಾಗ ನರಸಮ್ಮ, "ಅವರ ಕಷ್ಟ ನಿಮಗೆ ಗೊತ್ತಿಲ್ಲ," ಅಂದರೆ, ಮುತ್ಯಾಲಮ್ಮ, "ಗೊತ್ತು ಅಕ್ಕ, ಪಂಚೆ ಅರಿದೋಯ್ತು," ಅನ್ನುತ್ತಿದ್ದಳು. ಚಿಕ್ಕಮುನಿಯಪ್ಪ ಮಾತ್ರ ಬೆಳಗ್ಗೆ ಎದ್ದು ತಾನೇ ನೀರು ಸೇದಿ ಹಾಕಿ, ಸೀನಪ್ಪನನ್ನು ಕರೆದುಕೊಂಡು ಶೆಡ್ಡಿಗೆ ಹೋಗುತ್ತಿದ್ದ. ಪೆರುಮಾಳ್ ಹಳೇ ಲಾರಿಯಿಂದ ಬಿಚ್ಚಿದ ಕ್ರೌನು ಪಿನಿಯನ್ನನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಂದೊಂದು ಹಲ್ಲಿಗೂ ಬಣ್ಣ ಹಚ್ಚಿ, ಕೂಡಿಸಿ ತಿರುಗಿಸಿ, ಗುರುತು ಎಲ್ಲಿ ಬೀಳುತ್ತದೆಂದು ನೋಡಿ, ಮತ್ತೆ ಬಿಚ್ಚಿ ಮತ್ತೆ ಕೂಡಿಸುತ್ತಿದ್ದ. ಸೀನಪ್ಪ ಪಕ್ಕದಲ್ಲಿ ಕೂತು ಎಡಗೈಯಲ್ಲಿ ಲಾಂದ್ರ ಹಿಡಿದಿರುತ್ತಿದ್ದ.

ಗೇರು ಕೂತ ಮೇಲೆ ಮೊದಲ ಲೋಡು. ಚಿಕ್ಕಮುನಿಯಪ್ಪ ದಿಣ್ಣೆಯ ಬುಡದಲ್ಲಿ ಫಸ್ಟ್ ಗೇರಿಗೆ ಹಾಕಿದ. ಲಾರಿ ಗೊಣಗುತ್ತ, ನಡೆದು ಹೋಗುವವನಿಗಿಂತ ಸ್ವಲ್ಪ ಜೋರಾಗಿ ಹತ್ತಿತು. ಅರ್ಧಕ್ಕೆ ಬಂತು. ನಿಲ್ಲಲಿಲ್ಲ. ಅಡ್ಡ ತಿರುಗಿದ್ದ ಜಾಗ ದಾಟಿತು. ನಿಲ್ಲಲಿಲ್ಲ. ನೆತ್ತಿಗೆ ಬಂದಾಗ ಪಕ್ಕದಲ್ಲಿ ಕೂತಿದ್ದ ಸೀನಪ್ಪ ಕಣ್ಣೊರೆಸಿಕೊಂಡ. ಚಿಕ್ಕಮುನಿಯಪ್ಪ ಅದನ್ನು ನೋಡಿಯೂ ನೋಡದವನಂತೆ ಸ್ಟೇರಿಂಗ್ ಹಿಡಿದು ಕೂತ.

ಆ ಶನಿವಾರ ವೆಂಕಟೇಶಪ್ಪ ತಾನೂ ಬೆಂಗಳೂರಿಗೆ ಹೋದ. ದಾರಿಯುದ್ದಕ್ಕೂ ಸ್ಪೀಡು ತೋರಿಸುವ ಮುಳ್ಳನ್ನೇ ನೋಡಿದ. ಅದು ಮೊದಲಿನಷ್ಟೇ ತೋರಿಸುತ್ತಿತ್ತು. ಮುಳ್ಳು ಎಣಿಸುವುದು ಶಾಫ್ಟಿನ ಸುತ್ತನ್ನು, ಚಕ್ರದ ಸುತ್ತನ್ನಲ್ಲ; ಒಳಗಿನ ಗೇರು ಬದಲಾಗಿದ್ದರಿಂದ ಅದು ಈಗ ಸುಳ್ಳು ಹೇಳುತ್ತಿತ್ತು. ಚಿಕ್ಕಮುನಿಯಪ್ಪನಿಗೆ ಅದು ಗೊತ್ತಿತ್ತು. ಅರ್ಧ ಗಂಟೆ ಮುಂಚೆ ಎದ್ದು ಹೊರಟಿದ್ದರಿಂದ ಮಾರ್ಕೆಟ್ಟಿಗೂ ಸರಿಯಾದ ಹೊತ್ತಿಗೆ ಸೇರಿದರು.

ವಾಪಸ್ಸು ಬಂದ ಮೇಲೆ ವೆಂಕಟೇಶಪ್ಪ ಬಂಗಾರಪೇಟೆಯ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ನಾಲ್ಕು ಜನರಿಗೆ ಹೇಳಿದ: "ನಾನೇ ಯೋಚ್ನೆ ಮಾಡಿ ಗೇರು ಬದಲಾಯಿಸ್ದೆ. ಓಟವೂ ಕಮ್ಮಿಯಾಗಿಲ್ಲ, ಎಳೆಯೋದು ಆನೆ ಎಳ್ದಂಗೆ ಎಳೀತದೆ." ಆ ಮಾತು ಸುತ್ತಿ ಮುತ್ಯಾಲಮ್ಮನ ಕಿವಿಗೆ ಬಿತ್ತು. ಅವಳು ಅತ್ತೆಗೆ ಹೇಳಿದಳು. ಅಕ್ಕಯ್ಯಮ್ಮ, "ಯೋಳ್ಕೊಳ್ಳಲಿ ಬಿಡು. ಗಾಡಿ ದಿಣ್ಣೆ ಅತ್ತಿತಲ್ಲ," ಅಂದಳು. ಅಷ್ಟಕ್ಕೇ ಮುಗಿದಿದ್ದರೆ ಮುಗಿಯುತ್ತಿತ್ತು.

ಒಂದು ವಾರ ಕಳೆದ ಮೇಲೆ ವೆಂಕಟೇಶಪ್ಪ ಸೈಕಲ್ಲು ತುಳಿದುಕೊಂಡು ಕ್ವಾರಿಗೆ ಬಂದ. ಲಾರಿ, ಟ್ರೈಲರ್ ಎರಡೂ ತುಂಬಿ ಹಗ್ಗ ಬಿಗಿಯುತ್ತಿದ್ದರು. ಅವನು ಒಂದು ಸುತ್ತು ಸುತ್ತಿ ನೋಡಿ, ತುಂಬುವ ಆಳುಗಳಿಗೆ, "ಇನ್ನೂ ಎರಡು ಸಾಲು ಆಕ್ರಿ," ಎಂದ.

ಚಿಕ್ಕಮುನಿಯಪ್ಪ ಹಗ್ಗ ಬಿಟ್ಟು ಬಂದ. "ಯಾಕಣ್ಣ?"

"ಯಾಕೆ ಅಂದ್ರೆ? ಈಗ ಎಳೀತದಲ್ಲ. ಎಳೆಯೋ ಗಾಡಿಗೆ ಲೋಡು ಆಕ್ದೆ ಅಲಂಕಾರಕ್ಕೆ ಇಟ್ಕೋತಾರಾ?"

"ಎಳೆಯಕ್ಕೆ ಒಂದು ಮಿತಿ ಐತೆ. ಇನ್ನೂ ಎರಡು ಸಾಲು ಆಕಿದ್ರೆ ಮೊದಲಿನಂಗೇ ದಿಣ್ಣೇಲಿ ನಿಲ್ತದೆ. ಮತ್ತೆ ಗೇರು ಆಕ್ಸಿ ಏನಾಯ್ತು?"

"ನಿಲ್ಲಲ್ಲ."

"ನಿಂತ್ರೆ?"

"ನಿಂತ್ರೆ ಒಡ್ಡಕ್ಕೆ ಮಾವ ಇಲ್ವಾ? ಬಲಗೈ ಓಗಿದ್ರೇನು, ಎಡಗೈ ಚೆನ್ನಾಗೇ ಐತಲ್ಲ."

ಆಳುಗಳು ಕೈಯಲ್ಲಿದ್ದ ಕಲ್ಲು ಹಾಗೇ ಹಿಡಿದುಕೊಂಡು ನಿಂತರು. ಲಾರಿಯ ನೆರಳಿನಲ್ಲಿ ಕೂತು ಬೀಡಿ ಸೇದುತ್ತಿದ್ದ ಸೀನಪ್ಪ ಬೀಡಿ ಎಸೆದ. ಬೆರಳು ಹೋದ ದಿನದಿಂದ ಅವನು ಆ ವಿಷಯಕ್ಕೆ ಯಾರ ಮೇಲೂ ಒಂದು ಮಾತು ಆಡಿರಲಿಲ್ಲ. ಎದ್ದು ಬಂದು ಟ್ರೈಲರಿನ ಚಕ್ರದ ಮೇಲೆ ಕಾಲಿಟ್ಟು ಹತ್ತಿದ. ಆಗಲೇ ಹಾಕಿದ್ದ ಹೊಸ ಸಾಲಿನ ಕಲ್ಲೊಂದಕ್ಕೆ ಎಡಗೈಯನ್ನೂ ಬಲಮೊಣಕೈಯನ್ನೂ ಕೊಟ್ಟು ತಳ್ಳಿದ. ಕಲ್ಲು ವೆಂಕಟೇಶಪ್ಪನ ಮುಂದೆ ಧಡ್ ಎಂದು ಬಿತ್ತು. ಅವನು ಹಿಂದಕ್ಕೆ ಹಾರಿದ.

"ಮಾವ! ಏನ್ ಮಾಡ್ತಿದ್ದೀಯಾ?"

"ಲೋಡು ಇಳಿಸ್ತಿದ್ದೀನಿ ಕಣ್ಲಾ." ಸೀನಪ್ಪನಿಗೆ ದಮ್ಮು ಏರಿತ್ತು. "ಈ ಗೇರು ನಿನ್ನ ಯೋಚ್ನೆಯಿಂದ ಬಂದಿಲ್ಲ. ನನ್ನ ಕೈಯಿಂದ ಬಂದಿದ್ದು. ನಿನ್ನನ್ನ ಈ ಎಗಲ ಮೇಲೆ ಕೂರಿಸ್ಕೊಂಡು ತೇರು ಬೀದಿಯೆಲ್ಲ ತಿರುಗ್ಸಿದ್ದೀನಿ. ಉಂಡ ಅನ್ನಕ್ಕೆ ಗೇದಿದ್ದೀನಿ. ಒಂದು ಕೈ ಓಯ್ತು, ಎಂಗೈತೆ ಮಾವ ಅಂತ ಬಾಯಿಮಾತಿಗೂ ನೀನು ಕೇಳ್ಲಿಲ್ಲ. ಇವತ್ತು ಇನ್ನೊಂದು ಕೈ ಕೇಳ್ತೀಯಾ?"

ಇನ್ನೊಂದು ಕಲ್ಲು ಬಿತ್ತು. ಚಿಕ್ಕಮುನಿಯಪ್ಪ ಆ ಕಡೆಯಿಂದ ಹತ್ತಿ ಅವನ ಪಕ್ಕ ನಿಂತು ತಳ್ಳಿದ. "ಇಡ್ಕೊಳ್ರೋ ಅವರನ್ನ!" ಎಂದು ವೆಂಕಟೇಶಪ್ಪ ಆಳುಗಳಿಗೆ ಕೂಗಿದ. ಯಾರೂ ಅಲುಗಲಿಲ್ಲ. ಒಬ್ಬ ಹೆಣ್ಣಾಳು, ತಾನು ಹೊತ್ತು ನಿಂತಿದ್ದ ಕಲ್ಲನ್ನು ಮೆಲ್ಲಗೆ ಗುಡ್ಡೆಯ ಮೇಲೆ ವಾಪಸ್ಸು ಇಟ್ಟಳು.

ಸಂಜೆಗೆ ಮೊದಲೇ ಸುದ್ದಿ ಮನೆಗೆ ಬಂದಿತ್ತು. ವೆಂಕಟೇಶಪ್ಪ ಬಂದು ಊಟಕ್ಕೆ ಕೂತಾಗ ಬಡಿಸಲು ಬಂದವಳು ನರಸಮ್ಮ. ಗಂಡನ ಕಡೆಯೇ ಮಾತಾಡುತ್ತ ಬಂದಿದ್ದವಳು ಮುದ್ದೆ ಹಿಡಿದುಕೊಂಡೇ ನಿಂತಳು.

"ಎಡಗೈ ಐತಲ್ಲ ಅಂದ್ರಂತೆ. ನಿಜವಾ?"

"ಕೋಪದಲ್ಲಿ ಬಂತು."

"ನಿಮಗೆ ಕೋಪ ಬರೋ ಅಂಥದ್ದು ಅವರೇನು ಮಾಡಿದ್ರು?"

ಗೋಡೆಗೆ ಒರಗಿ ಕೂತಿದ್ದ ಅಕ್ಕಯ್ಯಮ್ಮ ಅಲ್ಲಿಂದಲೇ ಹೇಳಿದಳು:

"ಗಾಡಿ ನನ್ನ ಗಂಡನ ಎದೆ ಮಾರಿ ಬಂದಿದ್ದು. ನಾಳೆಯಿಂದ ಎಷ್ಟು ಕಲ್ಲು ಅಂತ ನನ್ನ ತಮ್ಮ ಯೋಳ್ತಾನೆ. ಆಗಲ್ಲ ಅನ್ನೋನು ಇವತ್ತೇ ಬೇರೆ ಒಲೆ ಊಡ್ಲಿ."

ವೆಂಕಟೇಶಪ್ಪ ತಮ್ಮನನ್ನು ನೋಡಿದ, ನಾದಿನಿಯನ್ನು ನೋಡಿದ, ಹೆಂಡತಿಯನ್ನು ನೋಡಿದ. ನರಸಮ್ಮ ಮುದ್ದೆಯನ್ನು ಅವನ ತಟ್ಟೆಗೆ ಹಾಕಿ ಒಳಗೆ ಹೋದಳು.

ಮರುದಿನ ಕ್ವಾರಿಯಲ್ಲಿ ಲಾರಿ ತುಂಬಿತು, ಟ್ರೈಲರಿಗೂ ಕಲ್ಲು ಏರುತ್ತಿತ್ತು. ವೆಂಕಟೇಶಪ್ಪ ಸೈಕಲ್ಲು ಹಿಡಿದು ದೂರದಲ್ಲಿ ನಿಂತಿದ್ದ. ಸೀನಪ್ಪ ಹಲಗೆಯ ಮೇಲೆ ನಿಂತು ಸಾಲು ನೋಡುತ್ತಿದ್ದವನು ಎಡಗೈ ಎತ್ತಿದ.

"ಸಾಕು."

ಕಲ್ಲು ಹೊತ್ತು ಬರುತ್ತಿದ್ದ ಆಳು ಒಮ್ಮೆ ವೆಂಕಟೇಶಪ್ಪನ ಕಡೆ ನೋಡಿದ. ವೆಂಕಟೇಶಪ್ಪ ಸೈಕಲ್ಲನ್ನು ದಾರಿಯ ಕಡೆ ತಿರುಗಿಸಿಕೊಂಡ. ಆಳು ಕಲ್ಲನ್ನು ಅಲ್ಲೇ ಇಳಿಸಿದ.